ಮೂಲೆಯಿಲ್ಲದ ಸಭಾಂಗಣ

ಮೊನ್ನೆ ಹಾಸನದಲ್ಲಿ ನಮ್ಮ ಹಳೆಯ ಕಚೇರಿಯ ಬೀರು ಖಾಲಿ ಮಾಡುವಾಗ ಸುರುಳಿ ಸುತ್ತಿದ ನಕ್ಷೆಯೊಂದು ಕೈಗೆ ಬಂತು. ಬಿಚ್ಚಿದರೆ ಆಗ ನಕ್ಷೆಯ ಪ್ರತಿ ತೆಗೆಯುತ್ತಿದ್ದ ಅಮೋನಿಯಾ ಪ್ರಿಂಟಿನ ಘಾಟು ಇನ್ನೂ ಸ್ವಲ್ಪ ಉಳಿದಿತ್ತು. ಆ ನಕ್ಷೆ ಬರೆದವನು ನಾನೇ.

ಹೊಳೆನರಸೀಪುರದಲ್ಲಿ ನಮಗೆ ಪಾಠ ಹೇಳಿದ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೂ ಪೆನ್ಸಿಲ್ ಬಿಟ್ಟವರಲ್ಲ. ದೇಶವಿದೇಶಗಳ ಸಂಸತ್ ಭವನಗಳ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸಿದ್ದರು. ಎಲ್ಲೋ ಒಂದು ದೇಶದಲ್ಲಿ ಸಂಸತ್ತಿನ ನೆತ್ತಿಗೆ ಗಾಜಿನ ಗುಮ್ಮಟ ಕಟ್ಟಿ, ಜನ ಅದರೊಳಗೆ ಓಡಾಡುತ್ತ ಕೆಳಗೆ ಇಣುಕುವಂತೆ ಮಾಡಿದ್ದಾರಂತೆ. ಆ ಚಿತ್ರ ತೋರಿಸಿ, "ಆಳೋರ ಬೋಳುತಲೆ ಜನಕ್ಕೆ ಕಾಣ್ತಿರಬೇಕು ಕಣೋ. ಆಗ ಸ್ವಲ್ಪ ಭಯ ಇರುತ್ತೆ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಸೀಮೆಯ ಒಂದು ಊರಿನ ಪುರಸಭೆಗೆ ಹೊಸ ಸಭಾಭವನ ಮಂಜೂರಾಯಿತು. ಊರಿನ ಹೆಸರು ಬೇಡ, ಬಾಯಿ ಹೊಲಸಾಗುತ್ತದೆ. ನಕ್ಷೆಯ ಕೆಲಸ ನಮ್ಮ ಕಚೇರಿಗೆ ಸಿಕ್ಕಿತು. ನಾನೇ ಮೇಷ್ಟ್ರನ್ನು ಕರೆತಂದೆ. ತಿಂಗಳುಗಟ್ಟಲೆ ಕೂತು ಬರೆದರು. ಗುಂಡಗಿನ ಸಭಾಂಗಣ, ಅಧ್ಯಕ್ಷರಿಗೂ ಸದಸ್ಯರಿಗೂ ಒಂದೇ ಮಟ್ಟದ ಕುರ್ಚಿ, ಬೀದಿಯಿಂದಲೇ ಒಳಗೆ ಕಾಣುವ ಕಿಟಕಿಗಳು, ಮೇಲೆ ಸುತ್ತಲೂ ಜನ ಕೂರಲು ಜಗಲಿ...

ಅಧ್ಯಕ್ಷರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಲ್ಲ ಸಾ, ಗುಂಡುಗ್ ಮಾಡ್ಬುಟ್ರೆ ಕುಬೇರ ಮೂಲೆ ಎಲ್ಲೈತೆ? ನಾನೆಲ್ಲಿ ಕೂರ್ಲಿ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಮೇಷ್ಟ್ರು ಹೊರಗೆ ಹೋದ ಮೇಲೆ ನಿಜವಾದ ಮಾತು ಬಂತು: "ಕಂಡೋರೆಲ್ಲ ನನ್ ತಲೆ ಮ್ಯಾಲೆ ಕಾಲ್ ಇಳಿಬಿಟ್ಕಂಡು ಕೂರಾದಾ? ಆಗಲ್ಲ ಕಣ್ರೀ."

ನಮ್ಮ ಕಚೇರಿಯ ಮಾಲೀಕರು ಹೂಂ ಎಂದು ತಲೆಯಾಡಿಸಿದರು. ನಾನು ಗುಂಡಗಿನದಕ್ಕೆ ನಾಲ್ಕು ಮೂಲೆ ಹಾಕಿದೆ, ಕುಬೇರ ಮೂಲೆಯಲ್ಲಿ ಎತ್ತರದ ವೇದಿಕೆ ಎಬ್ಬಿಸಿದೆ, ಕಿಟಕಿ ಮುಚ್ಚಿದೆ. ಮೇಲೆ ಜನರ ಜಗಲಿ ಇದ್ದ ಕಡೆ ಅಧ್ಯಕ್ಷರ ಖಾಸಗಿ ಕಕ್ಕಸು ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು ಎನ್ನಲೂ ಬಾಯಿಲ್ಲ, ಅವರಪ್ಪನಾದರೂ ದೇವರೇ.

ಮೇಷ್ಟ್ರು ಅದನ್ನು ನೋಡಿ ಕೂಗಾಡಲಿಲ್ಲ. "ವಿನ್ಯಾಸ ಅಂತ ಕೆಳಗೆ ನನ್ನ ಹೆಸರಿದೆಯಲ್ಲ, ಅದೊಂದನ್ನ ತೆಗೆದುಬಿಡಪ್ಪ. ಬೇರೇನೂ ಬೇಡ" ಎಂದರು. ಆಗಲಿ ಅಂದೆ. ಟ್ರೇಸಿಂಗ್ ಹಾಳೆಯ ಶಾಯಿಯನ್ನು ಬ್ಲೇಡಿನಿಂದ ಕೆರೆದರೆ ಹೋಗುತ್ತಿತ್ತು, ಎರಡು ನಿಮಿಷದ ಕೆಲಸ. ಮಾಲೀಕರು ತಡೆದರು. ಮೇಷ್ಟ್ರ ಹೆಸರಿದ್ದರೆ ಊರಿನಲ್ಲಿ ಯಾರೂ ತಕರಾರು ಎತ್ತುವುದಿಲ್ಲವಂತೆ. ನಾನು ಬ್ಲೇಡು ಕೆಳಗಿಟ್ಟೆ... ನಕ್ಷೆಯಲ್ಲಿದ್ದ ಹೆಸರು ಉದ್ಘಾಟನೆಯ ಕಲ್ಲಿಗೂ ಏರಿತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೂ ಮೇಷ್ಟ್ರು ಕಾಣದವರಂತೆ ಅರಕಲಗೂಡಿನ ಬಸ್ಸು ಹತ್ತುತ್ತಿದ್ದರು.

ಅವರು ತೀರಿಕೊಂಡು ವರ್ಷಗಳಾದವು. ತಪ್ಪಾಯಿತು ಎನ್ನಲು ಈಗ ಯಾರೂ ಇಲ್ಲ. ನಕ್ಷೆ ಸಿಕ್ಕ ಮರುದಿನ ಮನಸ್ಸು ತಡೆಯದೆ ಆ ಊರಿಗೆ ಹೋದೆ. ಸಭಾಂಗಣದ ಚಾವಣಿಯಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಜವಾನ ಮೂಗು ಮುಚ್ಚಿಕೊಂಡು, "ಯಾವನ್ ಸಾ ಇದ್ರ ಪ್ಲಾನ್ ಮಾಡ್ದೋನು? ಮೀಟಿಂಗ್ ಮಾಡೋರ ತಲೆ ಮ್ಯಾಲೆ ಕಕ್ಕಸ್ ಮಡಗವ್ನೆ!" ಎಂದ.

"ಅಲ್ಲಿ ಕಲ್ಲಿನಲ್ಲಿ ಬರೆದಿದೆ ನೋಡು" ಎಂದುಬಿಟ್ಟೆ.