ಅಳುವವರಿಲ್ಲದ ಸುಳ್ಳು ಸುದ್ದಿ

ಫೋನಿನಲ್ಲಿ ನಾನು ಹಲೋ ಅಂದರೆ ಸಂಬಂಧಿಕರು ಮೊದಲು ಕೇಳುವುದು ‘ಯಾರು ಹೋದ್ರು?’ ಅಂತ. ಆರಾಮಿದ್ದೀರಾ ಅನ್ನುವುದು ಆಮೇಲೆ. ಹುಮನಾಬಾದಿನ ಬಜಾರಿನಲ್ಲಿ ಒಮ್ಮೆ ಒಂದು ಕಿಲೋ ತೊಗರಿಬೇಳೆ ಕೇಳಿದೆ. ಅಂಗಡಿಯವನು ತೂಗುವುದು ಬಿಟ್ಟು ಒಳಗೆ ಹೋಗಿ, ಮಲಗಿದ್ದ ತನ್ನ ತಂದೆಯನ್ನು ನೋಡಿ ಬಂದ. ತಂದೆ ಉಸಿರಾಡುತ್ತಿದ್ದರು. ಆಮೇಲೆ ಬೇಳೆ ತೂಗಿದ.

ಬಸವಕಲ್ಯಾಣದಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ಆಟೋದ ಮೇಲೆ ಮೈಕಿನ ಭೋಂಗಾ ಕಟ್ಟಿಕೊಂಡು ಓಣಿ ಓಣಿ ತಿರುಗಿ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ ಎಂದು ಸಾರುವ ದನಿ ನನ್ನದು. ಮೂವತ್ತು ವರ್ಷದಿಂದ ಇದೇ ಕೆಲಸ. ಆಟೋ ಓಡಿಸುವವರು ನನ್ನ ವಾರಿಗೆಯ ಒಬ್ಬ ಭಾಯ್. ಅವರ ಜನರ ಸುದ್ದಿ ಮಸೀದಿಯ ಮೈಕಿನಲ್ಲಿ ಹೋಗುತ್ತದೆ, ನಮ್ಮವರ ಸುದ್ದಿ ಅವರ ಆಟೋದಲ್ಲಿ. ಕೋಟೆಯ ಹತ್ತಿರ ಸಾರುವಾಗ ಗೋಡೆಗೆ ಬಡಿದು ನನ್ನ ದನಿ ವಾಪಸ್ ಬರುತ್ತದೆ. ಪೂರ್ತಿ ಬರುವುದಿಲ್ಲ, ಸತ್ತವರ ಹೆಸರಿನ ಬಾಲ ಮಾತ್ರ ಬರುತ್ತದೆ. ಆ ಜಾಗದಲ್ಲಿ ಭಾಯ್ ಗಾಡಿಯನ್ನು ಸ್ವಲ್ಪ ಜೋರಾಗಿ ಬಿಡುತ್ತಾರೆ. ಯಾಕೆಂದು ನಾನು ಕೇಳಿಲ್ಲ.

ನನಗೊಂದು ಕಟ್ಟಳೆ ಇತ್ತು. ಸತ್ತವರ ಮುಖ ನೋಡದೆ ಸುದ್ದಿ ಹೇಳುತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ದೊಡ್ಡ ಮನುಷ್ಯರು ವಾರಕ್ಕೊಮ್ಮೆ ಸಾಯುತ್ತಾರೆ. ಮುಂಜಾನೆ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ, ಮಧ್ಯಾಹ್ನ ಅವರೇ ಟಿವಿಯಲ್ಲಿ ಕೂತು ಮಾತಾಡುತ್ತಿರುತ್ತಾರೆ. ನಿಜವಾಗಿ ಸತ್ತ ದಿನ ಜನ ಕೇಳುವುದು ನಾಳೆ ಸಾಲಿಗೆ ರಜೆಯೋ ಇಲ್ಲವೋ ಅಂತ. ನಾನು ಹಾಗಲ್ಲ. ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಮುಖ ನೋಡಿ, ಕೈ ಮುಗಿದು, ಆಮೇಲೆ ಬಂದು ಮೈಕಿನ ಗುಂಡಿ ಒತ್ತುವವನು. ಬದುಕಿದ್ದಾಗ ನಮಸ್ಕಾರಕ್ಕೂ ಕೈ ಎತ್ತದವನನ್ನು ನಾನು ಕೊಡುಗೈ ದಾನಿ ಮಾಡಿದ್ದೇನೆ, ಅಣ್ಣ ತಮ್ಮಂದಿರ ಮೇಲೆಲ್ಲ ಕೇಸು ಹಾಕಿದವನನ್ನು ಅಜಾತಶತ್ರು ಮಾಡಿದ್ದೇನೆ. ಆದರೆ ಸತ್ತಿದ್ದಾನೆ ಅನ್ನುವ ಮಾತೊಂದನ್ನು ಎಂದೂ ಸುಳ್ಳು ಹೇಳಿರಲಿಲ್ಲ. ಊರು ನನ್ನ ದನಿಯನ್ನು ನಂಬುತ್ತಿತ್ತು. ಅದರ ಬಗ್ಗೆ ನನಗೆ ಸೊಕ್ಕೂ ಇತ್ತು, ಮುಚ್ಚಿಡುವುದೇಕೆ.

ಚಳಿಗಾಲ ಬಂದರೆ ಅದೇ ಮೈಕು, ಅದೇ ಗಂಟಲು, ಆದರೆ ಕೆಲಸ ಬೇರೆ. ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ವೀಕ್ಷಕ ವಿವರಣೆ. ಆಟಗಾರರು ಮೊದಮೊದಲು ನನ್ನ ಬಾಯಲ್ಲಿ ತಮ್ಮ ಹೆಸರು ಕೇಳಿ ಬೆಚ್ಚುತ್ತಿದ್ದರು. ಎದುರು ತಂಡದವರು ಅದನ್ನೇ ಬಯಸುತ್ತಿದ್ದರು.

ಒಂದು ವರ್ಷ ತಾಲೂಕು ಕಬಡ್ಡಿಯ ಫೈನಲ್ ಹುಮನಾಬಾದಿನಲ್ಲಿ. ಮುಖ್ಯ ಅತಿಥಿ ಕ್ರೀಡೆಯ ಉಸ್ತುವಾರಿ ಇದ್ದ ಒಬ್ಬ ಅಧಿಕಾರಿ, ಎಲ್ಲರ ಬಾಯಲ್ಲಿ ಸಾಹೇಬರು. ಅವರು ವೇದಿಕೆ ಹತ್ತುವಾಗ ಹೆಸರಿನ ಹಿಂದೆ ಜನಾನುರಾಗಿ, ಕ್ರೀಡಾಪ್ರೇಮಿ, ಸರಳ ಸಜ್ಜನ ಎಂದು ಹಚ್ಚುತ್ತ ಹೋದೆ. ಇಷ್ಟು ಹೊಗಳಿಕೆ ಸಾಲಾಗಿ ಬಂದರೆ ನನ್ನ ನಾಲಿಗೆಗೆ ಗೊತ್ತಿರುವ ದಾರಿ ಒಂದೇ. ‘ಇವರು ಇಂದು ಮುಂಜಾನೆ ನಮ್ಮನ್ನಗಲಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ’ ಅಂದುಬಿಟ್ಟೆ.

ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇಡೀ ಮೈದಾನ ಎದ್ದು ನಿಂತಿತು. ಟೊಪ್ಪಿಗೆ ಹಾಕಿದವರು ತೆಗೆದರು. ಕಣದಲ್ಲಿ ಮೈ ಕಾಯಿಸುತ್ತಿದ್ದ ಆಟಗಾರರು ಕೈ ಕಟ್ಟಿಕೊಂಡರು. ವೇದಿಕೆಯ ಮೇಲೆ ಸಾಹೇಬರೂ ತಲೆ ತಗ್ಗಿಸಿ ನಿಂತಿದ್ದರು. ಸಾವಿರ ಸಭೆ ಮಾಡಿದ ಮನುಷ್ಯ, ನನ್ನ ದನಿಯಲ್ಲಿ ವಿಷಾದ ಕೇಳಿದ ಕೂಡಲೇ ಮೌನಾಚರಣೆಗೆ ನಿಂತಿದ್ದರು, ತಮ್ಮದೇ ಮೌನಾಚರಣೆಗೆ. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಒಂದು ನಿಮಿಷ ಮುಗಿದ ಮೇಲೆ ಅವರೇ ಮೊದಲು ಕೂತರು. ಕೂತಾಗ ಅವರ ಮುಖದಲ್ಲಿ ರಕ್ತ ಇರಲಿಲ್ಲ.

ಸಂಘಟಕರು ನನ್ನ ಕೈಯಿಂದ ಮೈಕ್ ಕಸಿದುಕೊಂಡರು. ನಾಳೆಯಿಂದ ಯಾವ ಆಟಕ್ಕೂ ಬರಬೇಡ ಅಂದರು. ಅದೇ ಸಂಜೆ ಆತಿಥೇಯ ತಂಡ ಒಂದೇ ಅಂಕದಿಂದ ಸೋತಿತು, ಅದರ ಕೋಚ್ ಮಾಸ್ತರನನ್ನೂ ಸಾಹೇಬರು ಅಲ್ಲೇ ತೆಗೆದರು. ತಂಡ ಗೆದ್ದರೆ ಹಾರ ಸಾಹೇಬರಿಗೆ, ಸೋತರೆ ದಾರಿ ಕೋಚ್‌ಗೆ, ಇದು ಎಲ್ಲ ಕಡೆ ಇದ್ದದ್ದೇ. ಆದರೆ ಮಾಸ್ತರನ ನಿಜವಾದ ತಪ್ಪು ಬೇರೆ ಇತ್ತು. ಆಟಗಾರರಿಗೆಂದು ಬಂದ ಮ್ಯಾಟುಗಳು ಎಲ್ಲಿ ಹೋದವೆಂದು ಎರಡು ಸಲ ಬರೆದು ಕೇಳಿದ್ದ. ಕೆಲಸ ಕಳಕೊಂಡ ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಮಾಸ್ತರನ ಕೊರಳಲ್ಲಿ ಇನ್ನೂ ಸೀಟಿ ಇತ್ತು, ತೆಗೆಯುವುದನ್ನು ಮರೆತಿದ್ದ. ಅವನ ಊರು ರಾಜೇಶ್ವರ, ಸಾಹೇಬರ ಹುಟ್ಟೂರೂ ಅದೇ. ನನಗೇ ಅವನಿಗಿಂತ ಸಿಟ್ಟು ಹೆಚ್ಚಿತ್ತು.

ತಿಂಗಳೊಳಗೆ ಸಾಹೇಬರು ಅಮಾನತಾದರು. ಮ್ಯಾಟುಗಳು ಅವರ ಹೆಂಡತಿಯ ತವರುಮನೆಯ ಮಾಳಿಗೆಯ ಮೇಲೆ ಸಿಕ್ಕವು, ಅವುಗಳ ಮೇಲೆ ಶಾವಿಗೆ ಒಣಗುತ್ತಿತ್ತಂತೆ. ಅಷ್ಟು ಮೆತ್ತಗೆ ಯಾವ ಶಾವಿಗೆಯೂ ಒಣಗಿರಲಿಕ್ಕಿಲ್ಲ. ಸಾಹೇಬರು ಹಾಸಿಗೆ ಹಿಡಿದರು, ಊಟ ಬಿಟ್ಟರು. ಡಾಕ್ಟರಿಗೆ ರೋಗ ಸಿಗಲಿಲ್ಲ. ಊರು ಮಾತ್ರ ರೋಗ ಕಂಡುಹಿಡಿಯಿತು, ನನ್ನದು ಕರಿನಾಲಿಗೆ ಅಂತ. ಹಳೆಯ ಗಿರಾಕಿಗಳು ಅಂಗಡಿ ಮುಂದೆ ಹಾಯುವಾಗ ತಮ್ಮ ಹೆಸರು ನನ್ನ ಬಾಯಿಗೆ ಬರದ ಹಾಗೆ ಮುಖ ತಿರುಗಿಸಿಕೊಳ್ಳತೊಡಗಿದರು. ಒಮ್ಮೆ ಹೆಂಡತಿ ಕೂಡ, ಮೊಮ್ಮಗಳ ಹೆಸರು ಹಿಡಿದು ಕರೆಯಬೇಡಿ ಅಂದಳು. ಆಮೇಲೆ ನಕ್ಕಳು. ನಾನು ನಗಲಿಲ್ಲ.

ಒಂದು ಮಧ್ಯಾಹ್ನ ಸಾಹೇಬರ ತಾಯಿ ಬಂದರು. ಎಂಬತ್ತು ದಾಟಿದ ಜೀವ, ಹುಮನಾಬಾದಿನಿಂದ ಒಬ್ಬರೇ ಬಸ್ ಹತ್ತಿ ಬಂದಿದ್ದರು. ಬಯ್ಯಲು ಬಂದಿದ್ದಾರೆಂದುಕೊಂಡು ಕುರ್ಚಿ ಕೊಟ್ಟೆ.

“ಫೈನಲ್ ದಿನ ಮುಂಜಾನಿ ಜೀಪ್ ಹತ್ತಾಗ ಕಾಗಿ ಅವನ ತಲಿಗಿ ಬಡದು ಹೋಯ್ತು, ತಮ್ಮಾ,” ಅಂದರು. “ಸುಳ್ಳ ಸುದ್ದಿ ಕಳಸೋಣು ಅಂದೆ. ನಕ್ಕ.”

ನಮ್ಮ ಕಡೆಯ ಪದ್ಧತಿ ಅದು. ಕಾಗೆ ತಲೆ ಮುಟ್ಟಿದರೆ ಸಾವು ವಿಳಾಸ ಗುರುತು ಮಾಡಿಕೊಂಡಿತು ಅಂತ. ಆಗ ಬೇರೆ ಊರಿನ ಬಂಧುಗಳಿಗೆ ಆ ಮನುಷ್ಯ ಸತ್ತನೆಂದು ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಅಳುತ್ತಾರೆ. ಅತ್ತ ಕೂಡಲೇ, ಇಲ್ಲ, ಬದುಕಿದ್ದಾನೆ ಎಂದು ಹೇಳಬೇಕು. ಕಣ್ಣೀರು ಕಂಡ ಸಾವು ತನ್ನ ಕೆಲಸ ಮುಗಿಯಿತೆಂದು ಹೊರಟುಹೋಗುತ್ತದೆ. ಅಳುವವರಿಗೆ ಮಾತ್ರ ಅದು ಸುಳ್ಳೆಂದು ಮೊದಲೇ ಗೊತ್ತಿರಬಾರದು.

ಅಂದರೆ ನನ್ನ ನಾಲಿಗೆ ತಪ್ಪಿದ್ದು ಕಾಗೆ ಮುಟ್ಟಿದ ದಿನವೇ.

“ಸಂಜಿಗಿ ದೇವರೇ ನಿನ್ನ ಬಾಯಾಗ ಕುಂತು ಹೇಳಿಸ್ಯಾನ ಅಂದ್ಕೊಂಡೆ. ಆದ್ರ ಯಾರೂ ಅಳಲಿಲ್ಲ ನೋಡು. ಸಾಲಿ ಹುಡುಗರ ಹಾಂಗ ಎದ್ದು ನಿಂತ್ರು, ಕುಂತ್ರು. ಕೆಲಸ ಅರ್ಧಕ್ಕ ಉಳೀತು. ರಾಜೇಶ್ವರದಾಗ ಇನ್ನೊಮ್ಮೆ ಹೇಳು. ಯಾರರೆ ಒಬ್ಬರು ಅತ್ರ ಸಾಕು.”

ಆಗುವುದಿಲ್ಲ ಅಂದೆ, ನನ್ನ ಕಟ್ಟಳೆ ಹೇಳಿದೆ. ಅವರು ಎದ್ದು ಹೋಗಲಿಲ್ಲ. ನಿನ್ನ ದನಿ ಬಿಟ್ಟರೆ ಬೇರೆ ಯಾರದನ್ನೂ ಜನ ನಂಬುವುದಿಲ್ಲ ಅಂದರು. ತಾಯಿಯ ಕರುಳು ನೋಡಿ ಒಪ್ಪಿದೆ ಅಂತ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಖರೇ ಅಂದರೆ ಆ ಹೊಗಳಿಕೆಗೆ ಒಪ್ಪಿದೆ. ನನ್ನನ್ನು ಹೊಗಳುವುದನ್ನು ಊರು ಬಿಟ್ಟು ಬಹಳ ದಿನವಾಗಿತ್ತು.

ಮರುದಿನ ರಾಜೇಶ್ವರಕ್ಕೆ ಹೋದಾಗ ಮಟಮಟ ಮಧ್ಯಾಹ್ನ. ಊರ ಅಗಸಿ ಬಾಗಿಲಲ್ಲಿ ಭಾಯ್ ಗಾಡಿ ನಿಧಾನ ಮಾಡಿ “ಮುಖ ನೋಡಿಲ್ರಿ ನೀವು” ಅಂದರು. ಗುಂಡಿ ಒತ್ತಿದೆ. ಬದುಕಿದ್ದವನ ಹೆಸರು ಭೋಂಗಾದಿಂದ ಹೊರಟಿತು. ಬಾಗಿಲುಗಳು ತೆರೆದವು, ಜನ ಹೊಸ್ತಿಲ ಮೇಲೆ ನಿಂತು ಕೇಳಿದರು, ಬಾಗಿಲುಗಳು ಮುಚ್ಚಿದವು. ಮಾಳಿಗೆ ಮೇಲಿದ್ದ ಒಬ್ಬ ಹೆಂಗಸು, ಮ್ಯಾಟಿನ ಸಾಹೇಬನಾ ಎಂದು ಕೇಳಿ ಒಳಗೆ ಹೋದಳು. ಕಟ್ಟೆಯ ಮೇಲಿದ್ದವನೊಬ್ಬ, ಅಮಾನತಾದವನು ಸತ್ತರೆ ಆಫೀಸಿಗೆ ರಜೆ ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸಿದ. ಸಾಹೇಬರ ಚಿಕ್ಕಪ್ಪನ ಮನೆಯವರು ಸತ್ತ ಸುದ್ದಿಗೆ ಮಾಡಬೇಕಾದ ಸ್ನಾನ ಮಾಡಿದರು. ತಲೆ ಒದ್ದೆಯಾಯಿತು, ಕಣ್ಣು ಆಗಲಿಲ್ಲ. ಎರಡನೆಯ ಸುತ್ತು ಹೊಡೆದೆವು. ಅಷ್ಟು ದೊಡ್ಡ ಊರಿನಲ್ಲಿ ಒಂದು ಅಳುವಿನ ಸದ್ದಿಲ್ಲ. ಅಷ್ಟರಲ್ಲಿ ನನಗೇ ಅನುಮಾನ ಬಂತು, ಸಾಹೇಬರು ನಿಜವಾಗಿಯೂ ಸತ್ತೇ ಹೋಗಿದ್ದಾರೇನೋ ಅಂತ.

ಮೂರನೆಯ ಸುತ್ತಿಗೆ ಸಾಲಿಯ ಮೈದಾನದ ಕಡೆಯಿಂದ ಮಾಸ್ತರ ಬಂದ. ಕೆಲಸ ಹೋದ ಮೇಲೂ ಅಲ್ಲಿನ ಮಕ್ಕಳಿಗೆ ಕಬಡ್ಡಿ ಕಲಿಸುತ್ತಿದ್ದ. ಕೊರಳಲ್ಲಿ ಅದೇ ಸೀಟಿ. ಆಟೋದ ಮುಂದೆ ನಿಂತು ಇನ್ನೊಮ್ಮೆ ಹೇಳಲು ಕೈ ಮಾಡಿದ. ಹೇಳಿದೆ. ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತು ಅತ್ತ, ದನಿ ತೆಗೆದು ಅತ್ತ.

“ನನ್ನ ಕೆಲಸ ತೆಗದಾಂವ ಅಂವ, ಖರೇ,” ಅಂದ. “ಆದ್ರ ಸಣ್ಣಾಂವ ಇದ್ದಾಗ ಕೈ ಹಿಡದು ನನಗ ಕಬಡ್ಡಿ ಕಲಿಸಿದಾಂವನೂ ಅಂವನೇ, ಅಣ್ಣಾ.”

ನಾನು ಇಳಿದು ಹೋಗಿ ಅವನ ಕಿವಿಯಲ್ಲಿ ನಿಜ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಕಣ್ಣೊರೆಸಿಕೊಂಡು ನಕ್ಕ, ಬದುಕಿದ್ದಾನಲ್ಲ, ಅಷ್ಟು ಸಾಕು ಅಂದ. ಆಮೇಲೆ ಅದೇ ಓಣಿಗಳಲ್ಲಿ ತಿರುಗಿ, ಸುದ್ದಿ ಸುಳ್ಳು, ಸಾಹೇಬರು ಬದುಕಿದ್ದಾರೆ ಎಂದು ಸಾರಿದೆ. ಆಗ ಮಾತ್ರ ಜನ ಬೀದಿಗೆ ಬಂದರು. ಕೆಲವರು ನಕ್ಕರು, ಹೆಚ್ಚಿನವರು ಬೈದರು. ಮುಖ ನೋಡದೆ ಹೇಳುವುದಿಲ್ಲ ಅಂತಿದ್ದೆಯಲ್ಲ ಎಂದು ಒಬ್ಬ ಮುದುಕ ಕೇಳಿದ.

ಅವತ್ತು ಸಂಜೆ ಸಾಹೇಬರು ಎದ್ದು ಕೂತು ಅರ್ಧ ರೊಟ್ಟಿ ತಿಂದರಂತೆ. ವಾರದಲ್ಲಿ ಓಡಾಡಿದರು. ಕೆಲವು ತಿಂಗಳಲ್ಲಿ ಅಮಾನತು ರದ್ದಾಯಿತು, ಇನ್ನೂ ದೊಡ್ಡ ಊರಿಗೆ ಇನ್ನೂ ದೊಡ್ಡ ಕುರ್ಚಿಗೆ ಹೋದರು. ಹಾರ ಹಾಕಿಕೊಂಡ ಫೋಟೋ ಎಲ್ಲರ ಮೊಬೈಲಿಗೆ ಬಂತು. ನಮ್ಮಲ್ಲಿ ತಪ್ಪು ಮಾಡಿದವರಿಗೆ ಶಿಕ್ಷೆ ಅಂದರೆ ಅಷ್ಟೇ, ಸ್ವಲ್ಪ ದಿನ ಮನೆ ಊಟ. ಮಾಸ್ತರನನ್ನು ವಾಪಸ್ ತೆಗೆದುಕೊಳ್ಳುವ ಆರ್ಡರ್ ಬರಲಿಲ್ಲ. ಅವನು ಕೇಳಲೂ ಇಲ್ಲ.

ಮುಂದಿನ ಚಳಿಗಾಲದ ಒಂದು ಮುಂಜಾನೆ ಭಾಯ್ ಅಂಗಡಿಗೆ ಸುದ್ದಿ ತಂದರು. ಮೈದಾನದಲ್ಲಿ ಮಕ್ಕಳ ಆಟ ನೋಡುತ್ತ ಮಾಸ್ತರ ನೆಲಕ್ಕೆ ಕೂತನಂತೆ, ಏಳಲಿಲ್ಲವಂತೆ. ರಾಜೇಶ್ವರಕ್ಕೆ ಹೋದೆವು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುಖ ನೋಡಿದೆ. ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು, ಸೀಟಿ ಕೊರಳಲ್ಲೇ ಇತ್ತು. ಅವನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಇನ್ನೂ ಅತ್ತಿರಲಿಲ್ಲ.

ಹೊರಗೆ ಬಂದು ಸಾರಿದೆ. ಮಾಸ್ತರನಿಗೆ ಒಂದೂ ಹೊಗಳಿಕೆ ಹಚ್ಚಲಿಲ್ಲ, ಹೆಸರಷ್ಟೇ ಹೇಳಿದೆ. ಈ ಸಲ ಬಾಗಿಲುಗಳು ತೆರೆಯಲೇ ಇಲ್ಲ. ಹೋಟೆಲಿನ ಮುಂದೆ ಕೂತವರು ಚಹಾ ಕುಡಿಯುತ್ತ ನೋಡಿದರು. “ಇದು ಖರೇನೋ, ಕಾಗಿದೋ?” ಎಂದು ಒಬ್ಬ ಕೇಳಿದ, ಉಳಿದವರು ನಕ್ಕರು. ಖರೇ ಅಂದೆ. ಇನ್ನೂ ಜೋರಾಗಿ ನಕ್ಕರು. ಮೂರು ಸುತ್ತು ಹೊಡೆದೆವು. ಮೋರಿಯ ಕಟ್ಟೆಯ ಹತ್ತಿರ ನನ್ನ ದನಿ ಒಡೆಯಿತು, ಮೂವತ್ತು ವರ್ಷದಲ್ಲಿ ಮೊದಲ ಸಲ. ಭಾಯ್ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಮನೆ ಮನೆಗೆ ನಡೆದು ಹೋಗಿ ಬಾಯಿಂದ ಹೇಳಿದರು. ಅವರ ಮಾತು ಜನ ನಂಬಿದರು.

ನಾನು ಮಾಸ್ತರನ ಮನೆಗೆ ವಾಪಸ್ ಬಂದೆ. ಒಬ್ಬೊಬ್ಬರೇ ಬಂದು ಅಂಗಳದಲ್ಲಿ ನಿಲ್ಲತೊಡಗಿದ್ದರು. ಅವನ ಹೆಂಡತಿ ನನ್ನನ್ನು ಕಂಡು ಎದ್ದು ಬಂದಳು. ಬಯ್ಯಲಿ ಎಂದು ಕಾದೆ.

“ಅಣ್ಣಾರ, ಅವತ್ತ ಸಾಹೇಬರ ಸುದ್ದಿ ಸುಳ್ಳ ಅಂತ ಹೇಳಿದ್ರಿ,” ಅಂದಳು. “ಅವರು ಎದ್ದು ಕುಂತ್ರು. ಇವರದೂ ಒಮ್ಮೆ ಹೇಳ್ರಿ.”

ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ಭೋಂಗಾ ಹೊರಗೆ ಆಟೋದ ಮೇಲಿತ್ತು, ಮೈಕು ಕೈಯಲ್ಲಿ ಇರಲಿಲ್ಲ. ಬರಿಯ ಗಂಟಲಿನಿಂದ ಹೇಳಿದೆ. ಮಾಸ್ತರರು ತೀರಿಕೊಂಡ ಸುದ್ದಿ ಸುಳ್ಳು, ಅವರು ಬದುಕಿದ್ದಾರೆ, ಯಾರೂ ಅಳಬಾರದು ಅಂದೆ.

ಅಲ್ಲಿದ್ದವರೆಲ್ಲ ಮಾಸ್ತರನ ಮುಖ ನೋಡಿದರು. ನಾನೂ ನೋಡಿದೆ.