ತಿಮ್ಮಮ್ಮನ ಸೋಮವಾರದ ಕುಡುಗೋಲು

ಒಂದು ಬಳ್ಳಿಯನ್ನು ಕೊಲ್ಲಲು ಸೋಮವಾರವೇ ಏಕೆ ಬೇಕು? ಹನಗೋಡಿನ ತಿಮ್ಮಮ್ಮ ಬದುಕಿರುವವರೆಗೂ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಂತೂ ಇರಲೇ ಇಲ್ಲ.

ಲಕ್ಷ್ಮಣತೀರ್ಥದ ದಂಡೆಯ ಆ ಊರಿನಲ್ಲಿ ವಿಧವೆ ತಿಮ್ಮಮ್ಮನಿಗಿದ್ದದ್ದು ಒಬ್ಬ ಮಗಳು, ಒಂದು ಬಾವಿ, ಹದಿನಾಲ್ಕು ನಿಂಬೆಗಿಡ. ನಿಂಬೆ ಹುಣಸೂರಿನ ಸಂತೆಗೆ ಹೋದರೆ ಮನೆಗೆ ರಾಗಿ ಬರುತ್ತಿತ್ತು. ಸಾವಿರದ ಒಂಬೈನೂರ ಮೂವತ್ತರ ಸುಮಾರಿಗೆ ಅವಳ ತಮ್ಮ ಕಂಠಪ್ಪ, ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವನು, ದೊರೆಯ ಬಂಗಲೆಯಿಂದ ಗುಲಾಬಿ ಬಣ್ಣದ ಹೂಬಳ್ಳಿಯೊಂದರ ಗೆಡ್ಡೆ ತಂದು ಬೇಲಿಗೆ ನೆಟ್ಟ. ಎರಡೇ ಮಳೆಗಾಲದಲ್ಲಿ ಅದು ಬೇಲಿ ದಾಟಿ ನಿಂಬೆಗಿಡಗಳ ನೆತ್ತಿಯೇರಿತು. ಬಿಸಿಲು ಕಾಣದ ಗಿಡಗಳು ಕಾಯಿ ಬಿಡುವುದನ್ನೇ ಮರೆತವು.

ಅಗೆದರೆ ಹೋದೀತೆಂದು ತಿಮ್ಮಮ್ಮ ಅಗೆದಳು. ಗುದ್ದಲಿಯ ಏಟಿಗೆ ತುಂಡಾದ ಗೆಡ್ಡೆಗಳನ್ನು, ಹಿತ್ತಲ ಕಸವನ್ನೆಲ್ಲ ಹಾಕುವಂತೆ, ತಿಪ್ಪೆಗೆ ಹಾಕಿದಳು. ಯುಗಾದಿ ಕಳೆದು ಅದೇ ಗೊಬ್ಬರವನ್ನು ನಿಂಬೆಯ ಪಾತಿಗಳಿಗೆ ಹರಡಿದಾಗ ಹದಿನಾಲ್ಕು ಪಾತಿಯಲ್ಲೂ ಬಳ್ಳಿ ಎದ್ದಿತು.

ಕಂಠಪ್ಪ ತೋಟದಿಂದ ಒಂದು ಡಬ್ಬಿ ತಂದ. "ಪಾಷಾಣ ಕಣಕ್ಕ. ನೀರಿಗೆ ಕಲಸಿ ಬುಡಕ್ಕೆ ಉಯ್ಯಿ. ಎಂಟ್ ದಿನಕ್ಕೆ ಸತ್ತೋಯ್ತದೆ."

"ಯಾವ್ದು? ಬಳ್ಳಿಯೋ, ಈ ಬಾವಿ ನೀರು ಕುಡಿಯೋ ಆರು ಮನೆಯೋ?"

ಡಬ್ಬಿ ಬಂದ ಗಾಡಿಯಲ್ಲೇ ಹಿಂದಿರುಗಿತು.

ಮುಂದಿನ ಸೋಮವಾರ ತಿಮ್ಮಮ್ಮ ಎದುರು ಮನೆಯ ಜಗಲಿಯ ಮುಂದೆ ನಿಂತು, ಆ ಬಳ್ಳಿ ಸೋಮವಾರ ಕೊಯ್ದರೆ ಮಾತ್ರ ಸಾಯುತ್ತದೆಂದೂ, ಬಸವಣ್ಣನೇ ಕನಸಿನಲ್ಲಿ ಬಂದು ಹೇಳಿದನೆಂದೂ ಸಾರಿದಳು.

"ಬಳ್ಳಿಗೂ ವಾರ ಗೊತ್ತಾಯ್ತದಾ ತಿಮ್ಮಮ್ಮೋ?" ಜಗಲಿಯಲ್ಲಿ ಕುಳಿತಿದ್ದ ರೈತ ಚಾಮಯ್ಯ ನಕ್ಕ.

"ನಿನ್ ಎತ್ತಿಗೆ ಗೊತ್ತಾಯ್ತದಲ್ಲ! ಬಸವನ ದಿನ ಸೋಮವಾರ ನೊಗ ಹೊರ್ತದಾ ಅದು? ಏಳ್ಲಾ, ಕುಡ್ಲು ತಕ್ಕೋ."

ಬಸವನ ಮಾತೆಂದ ಮೇಲೆ ಕೂರುವುದು ಹೇಗೆ? ಚಾಮಯ್ಯ ಎದ್ದ, ಅವನ ಹಿಂದೆ ಮತ್ತೈದು ಮನೆಯವರು ಎದ್ದರು. ವಾರವಾರವೂ ಬಳ್ಳಿಯನ್ನು ನೆಲಮಟ್ಟಕ್ಕೆ ಕೊಯ್ದರು. ಕೊಯ್ದದ್ದು ಈ ಸಲ ತಿಪ್ಪೆಗೆ ಹೋಗಲಿಲ್ಲ. ಬಂಡೆಯ ಮೇಲೆ ಒಣಗಿ ನೀರೊಲೆಗೆ ಹೋಯಿತು. ಇದರಲ್ಲಿ ಪವಾಡವೇನೂ ಇಲ್ಲ. ಗೆಡ್ಡೆಗೆ ಬೇಕಾದ ಅನ್ನ ಬೇಯುವುದು ಎಲೆಯಲ್ಲಿ. ಎಲೆ ಬಿಚ್ಚುವ ಮೊದಲೇ ಚಿಗುರು ಕಳೆದುಕೊಂಡ ಗೆಡ್ಡೆ ಕೂಡಿಟ್ಟದ್ದನ್ನು ತಿಂದು ಮುಗಿಸಿ ಬರಿದಾಗುತ್ತದೆ. ಆದರೆ ಅಷ್ಟಕ್ಕೆ ಬುಧವಾರವೂ ಸಾಕಿತ್ತು.

ಮೂರನೆಯ ವರ್ಷದ ಆಷಾಢದ ಒಂದು ಸೋಮವಾರ ಆರು ಕುಡುಗೋಲುಗಳು ಬಂದವು. ಕೊಯ್ಯಲು ಒಂದು ಚಿಗುರೂ ಇರಲಿಲ್ಲ. ತಿಮ್ಮಮ್ಮ ನಂಬದೆ ಪಾತಿ ಪಾತಿಯನ್ನೂ ಕೈಯಿಂದ ಕೆದಕಿದಳು. ಸಿಕ್ಕ ಗೆಡ್ಡೆಗಳು ಬೆಂಡಿನಂತೆ ಬೆರಳಲ್ಲೇ ಪುಡಿಯಾದವು. ಅವಳು ಮಣ್ಣುಗೈಯಲ್ಲೇ ನೆಲಕ್ಕೆ ಕುಳಿತು, ಬಹಳ ಹೊತ್ತು ನಕ್ಕಳು.

"ಇನ್ಮೇಲೆ ಸೋಮವಾರ ನಾವೇನ್ ಮಾಡವಾ?" ಚಾಮಯ್ಯ ನಿಜವಾಗಿಯೂ ಪೆಚ್ಚಾಗಿದ್ದ.

"ಪಾನಕ ಕುಡೀರಿ ಬುಡು," ಎಂದು ಅವಳು ಮತ್ತೆ ಕಾಯಿ ಬಿಟ್ಟಿದ್ದ ಅದೇ ಗಿಡದ ನಿಂಬೆ ಕಿತ್ತು, ಅದೇ ಬಾವಿಯ ನೀರು ಸೇದಿದಳು.

ತಿಮ್ಮಮ್ಮ ತೀರಿಕೊಂಡದ್ದು ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ. ತಿಥಿಯ ದಿನ ಮಗಳು ಪುಟ್ಟಲಕ್ಷ್ಮಿ ಹೇಳಿದಳು: ಕನಸು ಬಿದ್ದೇ ಇರಲಿಲ್ಲ. ಆರು ಮನೆಯ ಗಂಡಸರೂ ಉಳುಮೆಯಿಲ್ಲದೆ ಜಗಲಿಯಲ್ಲಿ ಕೈಗೆ ಸಿಗುತ್ತಿದ್ದ ದಿನ ಸೋಮವಾರವೊಂದೇ. ಅವ್ವ ಮೊದಲು ದಿನ ಗೊತ್ತುಮಾಡಿಕೊಂಡು, ಆಮೇಲೆ ಬಸವನನ್ನು ಕರೆದಿದ್ದಳು.