ಮುಯ್ಯಿ ಪುಸ್ತಕದಲ್ಲಿ ಸಿಕ್ಕ ವಿಳಾಸ

ನ್ಯಾಯದ ಕಣ್ಣಿಗೆ ಮರೆಯಾಗಿ ಮನುಷ್ಯ ಈ ಭೂಮಿಯ ಮೇಲೆ ಎಲ್ಲಿಯೂ ಅಡಗಿರಲಾರ. ಯಳಂದೂರು ಕಡೆಯ ಒಂದು ಹಳ್ಳಿಯಲ್ಲಿ ಮಾತ್ರ ಹನ್ನೊಂದು ತಿಂಗಳು ಆರಾಮವಾಗಿ ಅಡಗಿರಬಹುದು. ಅದೂ ಅಲ್ಲಿ ವಾಸವೇ ಇಲ್ಲದೆ.

ಹಾಗೆ ಅಡಗಿದ್ದವನು ನನ್ನ ಅಕ್ಕನ ಮಗಳ ಗಂಡ. ಭಾವ ಬೇಗ ತೀರಿಕೊಂಡಿದ್ದರಿಂದ ಆ ಮದುವೆಯಲ್ಲಿ ಧಾರೆ ಎರೆದವನು ನಾನು. ಆ ಅಪರಾಧಕ್ಕೆ ತಕ್ಕ ಶಿಕ್ಷೆಯಾಗಿ, ಅವನು ಹೆಂಡತಿ ಮಗಳನ್ನು ಬಿಟ್ಟು ನಡೆದ ಮೇಲೆ, ಕೋರ್ಟಿನ ಮೆಟ್ಟಿಲು ಹತ್ತುವ ಗೌರವವೂ ನನ್ನ ಪಾಲಿಗೇ ಬಂತು. ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಮೊಹರು ಬಿದ್ದ ಕಾಗದ ಕಂಡರೆ ಕೈ ಮುಗಿಯುವ ಜಾತಿ. ತಿಂಗಳಿಗೆ ಏಳು ಸಾವಿರ ಜೀವನಾಂಶ ಕೊಡತಕ್ಕದ್ದು ಎಂದು ಆದೇಶವಾದ ದಿನ ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಅವಳಿಗೆ ಕೇಸರಿಬಾತು ಕೊಡಿಸಿದೆ. ಆ ಆದೇಶದಿಂದ ಅವಳಿಗೆ ಹನ್ನೊಂದು ತಿಂಗಳು ದಕ್ಕಿದ್ದು ಆ ಕೇಸರಿಬಾತು ಒಂದೇ.

ಅವಳು ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿ ಬಿಳಿಚಿಕೊಂಡು ಸುಲಿದಿರುತ್ತದೆ. ಕೋರ್ಟಿನ ವಾಯಿದೆ ಇದ್ದ ದಿನ ಕೂಲಿ ಇಲ್ಲ. ಮಗಳು ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದಳು. ಅವಳನ್ನು ಕಾಲೇಜಿಗೆ ಸೇರಿಸಬೇಕೋ, ತನ್ನ ಪಕ್ಕದ ಬಿಸಿನೀರಿನ ತೊಟ್ಟಿಯ ಮುಂದೆ ಕೂರಿಸಬೇಕೋ ಎಂಬುದು ಆ ಬಾಕಿ ಹಣದ ಮೇಲೆ ನಿಂತಿತ್ತು.

ವಸೂಲಿಗೆ ಅರ್ಜಿ ಹಾಕಿದೆವು. ಯಳಂದೂರು ಕಡೆಯ ಅವನ ಊರಿಗೆ ವಾರಂಟು ಹೊರಟಿತು. ಹೊರಟದ್ದು ಹಾಗೆಯೇ ಹಿಂದಿರುಗಿತು. ಬೆನ್ನಿಗೆ ಷರಾ: ‘ಆಸಾಮಿ ಊರಿನಲ್ಲಿ ಸಿಕ್ಕಿರುವುದಿಲ್ಲ.’ ನಾಲ್ಕು ಸಲ ಹೋಯಿತು, ನಾಲ್ಕು ಸಲವೂ ಅದೇ ಷರಾ, ಅದೇ ಕೈಬರಹ. ಠಾಣೆ ಯಾವುದೆಂದು ಹೇಳುವುದು ಬೇಡ. ವಾರಂಟು ಒಯ್ದ ಪೇದೆಗೆ ಫೋನು ಮಾಡಿದೆ.

“ಅವ್ರವ್ವನ ಕೇಳ್ದಿ ಸಾ, ‘ನನ್ ಮಗ ಎಲ್ಲವ್ನೋ ಕಾಣೆ’ ಅಂದ್ಳು. ನಾವೇನ್ ಬೆಟ್ಟಗುಡ್ಡ ಎಲ್ಲಾ ಉಡ್ಕಕ್ಕಾದದಾ?”

“ಅವರವ್ವ ಹೇಳಿದ್ದನ್ನ ನೀವು ಬರಕೊಂಡು ಬಂದಿರಿ?”

“ಇನ್ನೇನ್ ಸಾ, ಎತ್ತವ್ವ ಸುಳ್ ಏಳ್ತಾಳಾ?”

ನಾಲ್ಕನೆಯ ಸಲ ಕೋರ್ಟು ಹೇಳಿತು: ಸರಿಯಾದ ವಿಳಾಸವನ್ನು ಅರ್ಜಿದಾರಳೇ ಒದಗಿಸತಕ್ಕದ್ದು. ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತು ಅಕ್ಕನ ಮಗಳು ಕೇಳಿದಳು:

“ಮಾವ, ಅಂವ ಎಲ್ಲವ್ನೆ ಅಂತ ನಂಗ್ ಗೊತ್ತಿದ್ರೆ ನಾನ್ಯಾಕ್ ಇಲ್ಲಿಗ್ ಬತ್ತಿದ್ದೆ?”

ಕರೆಂಟು ಬಿಲ್ಲು ಕಟ್ಟುವುದು ಒಂದು ತಿಂಗಳು ತಪ್ಪಲಿ, ಫ್ಯೂಸು ಕೀಳುವವನು ಮನೆ ಹುಡುಕಿಕೊಂಡು ಬರುತ್ತಾನೆ. ಚುನಾವಣೆ ಬರಲಿ, ಸತ್ತವರ ವಿಳಾಸವೂ ಸಿಗುತ್ತದೆ. ಹೆಂಡತಿ ಮಕ್ಕಳ ಅನ್ನ ಕದ್ದು ಓಡಿದವನನ್ನು ಹುಡುಕುವ ಕೆಲಸ ಮಾತ್ರ ಆ ಹೆಂಡತಿಗೇ ಸೇರಿದ್ದು. ಅದೂ ಕೂಲಿ ಕಳೆದುಕೊಂಡು, ಸ್ವಂತ ಖರ್ಚಿನಲ್ಲಿ.

ಇಷ್ಟರಲ್ಲಿ ಹನೂರಿನ ಛತ್ರದಲ್ಲಿ ಒಂದು ಮದುವೆ ಬಂತು. ಹುಡುಗಿಯ ತಂದೆ ನನಗೆ ದೂರದ ತಮ್ಮ, ಓಡಿಹೋದ ಅಳಿಯನ ಕಡೆಗೂ ನೆಂಟ. ನಮ್ಮ ಕಡೆ ಮದುವೆಗೆ ಬಂದವರು ಊಟಕ್ಕೆ ಮುಂಚೆ ಮುಯ್ಯಿ ಹಾಕುತ್ತಾರೆ. ಕೊಟ್ಟವರ ಹೆಸರು, ಊರು, ಮೊತ್ತವನ್ನು ಪುಸ್ತಕದಲ್ಲಿ ಬರೆದು ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಿಲ್ಲದಂತೆ ತೀರಿಸಬೇಕು. ಆದ್ದರಿಂದ ಊರು ತಪ್ಪಾಗಿ ಬರೆಯುವಂತಿಲ್ಲ. ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಇಪ್ಪತ್ತು ವರ್ಷದಿಂದ ನೆಂಟರಿಷ್ಟರ ಮದುವೆಗಳಲ್ಲಿ ಆ ಮೇಜಿನ ಹಿಂದೆ ನಾನೇ ಕೂರುತ್ತೇನೆ.

ತಲೆ ತಗ್ಗಿಸಿ ಬರೆಯುತ್ತಿದ್ದೆ. ಎದುರಿಗೆ ಗರಿಗರಿ ಬಿಳಿ ಷರಟು ಬಂದು ನಿಂತಿತು. ತಲೆ ಎತ್ತಿದರೆ ಅವನೇ. ಅವನೂ ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಮುಯ್ಯಿ ಸಾಲಿನಿಂದ ವಾಪಸು ಹೋದವನು ಆಮೇಲೆ ಊರಲ್ಲಿ ಮುಖ ತೋರಿಸುವಂತಿಲ್ಲ. ಹೆಂಡತಿಯನ್ನು ಬಿಟ್ಟು ಹೋದವನು ಧಾರಾಳವಾಗಿ ತೋರಿಸಬಹುದು.

“ಬರ್ಕಳಿ ಮಾವ, ಐದ್ ಸಾವ್ರ.”

“ಊರು?”

“ನಿಮ್ಗ್ ಗೊತ್ತಿಲ್ವಾ?”

“ನನಗೆ ಗೊತ್ತಿರೋ ಊರಲ್ಲಿ ತಾವು ಸಿಕ್ಕೋದಿಲ್ಲವಂತೆ ಅಳಿಯಂದ್ರೆ. ಪೊಲೀಸ್ನೋರು ನಾಲ್ಕು ಸಲ ಬರೆದುಕೊಟ್ಟವ್ರೆ. ನಾಳೆ ಈ ಮನೆಯೋರು ಮುಯ್ಯಿ ತೀರಿಸೋಕೆ ಅಂತ ಹೋಗಿ, ಆಸಾಮಿ ಇಲ್ಲ ಅಂತ ವಾಪಸ್ ಬಂದ್ರೆ?”

ಅವನು ಯೋಚಿಸಿದ. ಮುಂದಿನ ವರ್ಷ ಅವನ ತಮ್ಮನ ಮದುವೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾಲಿನಿಂದ ಒಬ್ಬ ಮುದುಕ ಕೂಗಿದ: “ಬಿರ್ರನೆ ಏಳ್ಲಾ, ಎಲೆ ಆಕ್ಬುಟ್ಟವ್ರೆ!”

“ಮಾರ್ಟಳ್ಳಿ ಅಂತ ಬರ್ಕಳಿ.”

“ಮಾರ್ಟಳ್ಳಿ ದೊಡ್ಡದು.”

“ಬಸ್ ಸ್ಟಾಪ್ ಎದ್ರುಗೆ. ಸಿಮೆಂಟು ಕಬ್ಣದ ಅಂಗ್ಡಿ.”

“ಅಂಗಡೀಲಿ ಕೂಲಿಗಿದ್ದೀರಾ?”

ಕೋರ್ಟಿಗೆ ಅವನ ವಕೀಲರು ಬರೆದುಕೊಟ್ಟದ್ದು ಹಾಗೆಯೇ: ‘ಕೂಲಿ, ಅದೂ ಸಿಕ್ಕಿದ ದಿನ.’ ಆದರೆ ಸಾಲಿನಲ್ಲಿ ನಿಂತ ನೆಂಟರ ಎದುರಿಗೆ ಯಾವ ಗಂಡಸು ತಾನು ಕೂಲಿ ಎಂದಾನು?

“ಕೂಲಿಯಾ? ಅಂಗ್ಡಿ ನಂದೇ ಕಣ್ ಮಾವ!”

ದುಂಡಗೆ ಬರೆದು ಚೀಟಿಯನ್ನು ಮೈಕಿನವನ ಕೈಗೆ ಕೊಟ್ಟೆ. ಅವನು ಗಂಟಲು ಸರಿಮಾಡಿಕೊಂಡು ಹೆಸರಿನ ಸಮೇತ ಕೂಗಿದ: “ಮಾರ್ಟಳ್ಳಿ, ಬಸ್ ಸ್ಟಾಪ್ ಎದುರು, ಸಿಮೆಂಟ್ ಕಬ್ಬಿಣದ ಅಂಗಡಿ ಮಾಲೀಕರು, ಐದು ಸಾವಿರ!” ಛತ್ರಕ್ಕೆ ಛತ್ರವೇ ಕೇಳಿಸಿಕೊಂಡಿತು. ಅಳಿಯ ಮೊದಲ ಪಂಕ್ತಿಯಲ್ಲೇ ಕೂತು ಉಂಡ. ಪಾಯಸವನ್ನು ಎರಡು ಸಲ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಲಗ್ನಪತ್ರಿಕೆಯ ಹಿಂದೆ ವಿಳಾಸ ಗುರುತು ಹಾಕಿಕೊಂಡು ಮಾರನೆಯ ದಿನ ನಮ್ಮ ವಕೀಲರಿಗೆ ಕೊಟ್ಟೆ. ಹೊಸ ವಾರಂಟು ಮಾರ್ಟಳ್ಳಿಗೆ ಹೋಯಿತು. ಈ ಸಲ ಆಸಾಮಿ ಸಿಕ್ಕಿದ, ಗಲ್ಲಾದ ಹಿಂದೆ. ದುಡ್ಡು ಕಟ್ಟದಿದ್ದರೆ ಜೈಲು ಎಂದು ಕೋರ್ಟು ಹೇಳಿತು.

ವಿಷಯ ತಿಳಿದು ಮದುವೆಮನೆಯ ತಮ್ಮ ನನ್ನ ಮನೆಗೇ ಬಂದ. ಕಾಫಿ ಮುಟ್ಟಲಿಲ್ಲ.

“ಅಣ್ಣ, ನನ್ ಮಗ್ಳ ಮದ್ವೆ ಮುಯ್ಯಿ ಮೇಜ್ನಲ್ಲಿ ಕೋರ್ಟ್ ಕೆಲ್ಸ ಮಾಡ್ಬುಟ್ಟಲ್ಲ! ಇನ್ಮೇಲ್ ನಮ್ಮನೇಗ್ ಯಾರ್ ಮುಯ್ಯಿ ಆಕಾರು? ಮಾನ ಓಯ್ತು.”

“ಯಾರ ಮಾನ?”

“ನಂದು! ಇನ್ಯಾರ್ದು?”

ಹೆಂಡತಿ ಮಗಳನ್ನು ಹನ್ನೊಂದು ತಿಂಗಳು ಉಪವಾಸ ಕೆಡವಿದ್ದರಿಂದ ಯಾರ ಮಾನವೂ ಹೋಗಿರಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ಈ ನೆಂಟರ ಪೈಕಿ ಒಬ್ಬರೂ ಅವನನ್ನು ತಡೆದು ನಿಲ್ಲಿಸಿ ಒಂದು ಮಾತು ಕೇಳಿದವರಲ್ಲ. ಅವನು ಮಾರ್ಟಳ್ಳಿಯಲ್ಲಿದ್ದಾನೆಂದು ಅವರಲ್ಲಿ ಆರು ಜನಕ್ಕಾದರೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಈ ತಮ್ಮನಿಗೂ ಗೊತ್ತಿತ್ತು. ಲಗ್ನಪತ್ರಿಕೆ ಅಲ್ಲಿಗೆ ಹೋದದ್ದಾದರೂ ಹೇಗೆ? ತಪ್ಪು ಎಲ್ಲ ವಿಳಾಸ ಬರೆದ ಪೆನ್ನಿನದು. ಅಂದಿನಿಂದ ಯಾರೂ ನನ್ನನ್ನು ಮುಯ್ಯಿ ಬರೆಯಲು ಕರೆದಿಲ್ಲ. ಛತ್ರಕ್ಕೆ ಹೋದರೆ ಉಂಡು ಬರುತ್ತೇನೆ.

ಸಿಕ್ಕಿದ ದಿನ ಮಾತ್ರ ಕೂಲಿ ಮಾಡುವ ಆ ಮನುಷ್ಯ ಹನ್ನೊಂದು ತಿಂಗಳ ಬಾಕಿ ಎಪ್ಪತ್ತೇಳು ಸಾವಿರವನ್ನು, ಕೋರ್ಟು ಜೈಲು ಎಂದ ದಿನವೇ, ಸಂಜೆ ನಾಲ್ಕು ಗಂಟೆಯೊಳಗೆ ತರಿಸಿ ಕಟ್ಟಿದ. ಮಗಳು ಕಾಲೇಜಿಗೆ ಸೇರಿದಳು. ಅದರ ನಂತರದ ಎರಡು ತಿಂಗಳಿನದು ಬಂದಿಲ್ಲ; ಹೊಸ ಅರ್ಜಿ ಹಾಕಿದ್ದೇವೆ.